ಗೋಡೆಯ ಬೂಷ್ಟು, ಗೋದಾಮಿನ ಧೂಳು ಮತ್ತು ನಮ್ಮ ಉಸಿರು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಜಿಟಿಜಿಟಿ ಮಳೆ ಒಮ್ಮೆ ಹಿಡಿದರೆ ಬಿಡುವ ಮಾತಿಲ್ಲ. ಪಂಚಮಿ ಉಂಡಿ ಕಟ್ಟುವ ಹೊತ್ತಿಗೆ ಕಪಾಟಿನೊಳಗಿನ ಸೀರೆಗಳಿಗೆ ಕಮಟು ವಾಸನೆ, ಚಪ್ಪಲಿ ಮೇಲೆ ಬಿಳಿ ಪುಡಿ, ಮಲಗುವ ಕೋಣೆಯ ಮೂಲೆಯಲ್ಲಿ ಹಸಿರು-ಕಪ್ಪು ಚುಕ್ಕೆ. ಅದೇ ಹೊತ್ತಿಗೆ ದವಾಖಾನೆ ಮುಂದೆ ಕೆಮ್ಮುವ ಮಕ್ಕಳ ಸಾಲು. ಇವೆರಡಕ್ಕೂ ಸಂಬಂಧ ಇದೆಯೇ ಎಂದು ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಬಂಧುಗಳು, ಪರಿಚಯದವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ನನ್ನ ಮಗಳ ದಮ್ಮಿನ (ಅಸ್ತಮಾ) ಕಾರಣಕ್ಕೆ ವರ್ಷಗಟ್ಟಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿ ಅಲ್ಲ.

ಬೂಷ್ಟು ಅಂದರೆ ನಿಜಕ್ಕೂ ಏನು? ಅದರಲ್ಲಿ ವಿಷ ಎಲ್ಲಿಂದ ಬಂತು?

ಬೂಷ್ಟು ಒಂದು ಶಿಲೀಂಧ್ರ. ಎಳೆ ಎಳೆಯಾಗಿ ಹಬ್ಬಿ, ತಾನು ಕೂತ ವಸ್ತುವನ್ನೇ ಕರಗಿಸಿ ತಿನ್ನುತ್ತದೆ. ಕಾಗದ, ಕಟ್ಟಿಗೆ, ಚರ್ಮ, ಕಾಳು, ಬಣ್ಣದೊಳಗಿನ ಅಂಟು, ಗೋಡೆ ಮೇಲೆ ಕೂತ ಧೂಳು, ಯಾವುದಾದರೂ ಆದೀತು. ಅದಕ್ಕೆ ಬೇಕಾದದ್ದು ಪಸೆ. ಒಂದು ವಸ್ತು ನೆಂದು ಒಂದೆರಡು ದಿನ ಹಾಗೆಯೇ ಉಳಿದರೆ ಸಾಕು, ಬೂಷ್ಟು ಶುರುವಾಗುತ್ತದೆ. ವಂಶ ಬೆಳೆಸಲು ಅದು ಬೀಜಕಗಳನ್ನು ಗಾಳಿಗೆ ಬಿಡುತ್ತದೆ. ಇವುಗಳಲ್ಲಿ ಬಹಳಷ್ಟು 2ರಿಂದ 10 ಮೈಕ್ರಾನ್ ಗಾತ್ರದವು. ನಮ್ಮ ಕೂದಲೆಳೆಯ ದಪ್ಪ ಸುಮಾರು 70 ಮೈಕ್ರಾನ್. ಹೀಗಾಗಿ ಸಣ್ಣ ಬೀಜಕಗಳು ಮೂಗಿನ ಕೂದಲಿಗೆ ಸಿಗದೆ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು.

ಕೆಲವು ಜಾತಿಯ ಬೂಷ್ಟುಗಳು ವಿಷವನ್ನೂ ತಯಾರಿಸುತ್ತವೆ. ಇವನ್ನು ಮೈಕೋಟಾಕ್ಸಿನ್ ಎನ್ನುತ್ತಾರೆ. ಇವುಗಳಲ್ಲಿ ಹೆಸರುವಾಸಿ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಬಿದ್ದವು. ಕಾರಣ ಹುಡುಕುತ್ತ ಹೋದರೆ ಸಿಕ್ಕಿದ್ದು ಅವಕ್ಕೆ ಹಾಕಿದ ಶೇಂಗಾ ಹಿಂಡಿ, ಆ ಹಿಂಡಿಗೆ ಹಿಡಿದಿದ್ದ ಬೂಷ್ಟು. ಅಫ್ಲಾಟಾಕ್ಸಿನ್ ಬೆಳಕಿಗೆ ಬಂದದ್ದು ಹಾಗೆ.

ಆ ವಿಷ ಗಾಳಿಯಲ್ಲಿ ತೇಲಿ ಬಂದು ಮೂಗಿಗೆ ಸೇರುತ್ತದೆಯೇ?

ತಾನಾಗಿ ಹಬೆಯಂತೆ ಏಳುವುದಿಲ್ಲ. ಬೀಜಕದ ಮೇಲೆ, ಒಡೆದ ಎಳೆಯ ಚೂರಿನ ಮೇಲೆ, ಧೂಳಿನ ಕಣದ ಮೇಲೆ ಕೂತು ಬರುತ್ತದೆ. ಹಾಗಾಗಿ ಎಷ್ಟು ಧೂಳು ಉಸಿರಾಡಿದಿರಿ ಎಂಬುದೇ ಮುಖ್ಯ. ಮನೆಯ ಮೂಲೆಯಲ್ಲಿ ಅಂಗೈಯಗಲ ಬೂಷ್ಟು ಇದ್ದರೆ ಅದರಿಂದ ಗಾಳಿಗೆ ಸೇರುವ ವಿಷದ ಪ್ರಮಾಣ ಬಹಳ ಸಣ್ಣದು. ಬೂಷ್ಟು ಹಿಡಿದ ಮೆಕ್ಕೆಜೋಳದ ರಾಶಿಯನ್ನು ಮುಚ್ಚಿದ ಗೋದಾಮಿನಲ್ಲಿ ಸಲಿಕೆಯಿಂದ ಎಳೆಯುವವನ ಮೂಗಿಗೆ ಹೋಗುವ ಪ್ರಮಾಣ ಬೇರೆಯೇ.

ನನ್ನ ಮನಸ್ಸಿಗೆ ಕೊರೆಯುವುದು ಇದೇ. ಗೋಡೆಯ ಕಪ್ಪು ಚುಕ್ಕೆ ಕಂಡು ಹೆದರುವ ನಾವು, ನಮ್ಮ ಅನ್ನದ ಕಾಳನ್ನು ತೂರುವ, ಹೊರುವ, ಚೀಲ ಸುರಿಯುವ ಮಂದಿಯ ಕೆಮ್ಮನ್ನು ಕೇಳಿಸಿಕೊಳ್ಳುವುದೇ ಇಲ್ಲ.

ಮನೆಯಲ್ಲಿ ಬರುವ ಕಮಟು ವಾಸನೆ ವಿಷವೇ?

ಅಲ್ಲ. ಬೂಷ್ಟು ಬೆಳೆಯುವಾಗ ಬಿಡುವ ಬೇರೆ ಅನಿಲಗಳ ವಾಸನೆ ಅದು. ಕೆಲವರಿಗೆ ತಲೆನೋವು, ಮೂಗು-ಗಂಟಲು ಉರಿ ತರಬಹುದು. ಆದರೆ ವಾಸನೆಯನ್ನು ಅಲಕ್ಷ್ಯ ಮಾಡಬೇಡಿ. ಕಣ್ಣಿಗೆ ಕಾಣದ ಕಡೆ, ಕಪಾಟಿನ ಹಿಂದೆ, ಗಾದಿಯ ಕೆಳಗೆ, ಬೂಷ್ಟು ಜೀವಂತ ಇದೆ ಎಂದು ಅದು ಹೇಳುತ್ತಿರುತ್ತದೆ.

ಊದಿನಕಡ್ಡಿ, ಕರ್ಪೂರ, ಲೋಬಾನ ಹಾಕಿದರೆ ಹೋಗುವುದಿಲ್ಲವೇ?

ವಾಸನೆ ಮುಚ್ಚುತ್ತದೆ, ಬೂಷ್ಟು ಸಾಯುವುದಿಲ್ಲ. ದಮ್ಮು ಇದ್ದವರಿಗೆ ಆ ಹೊಗೆ ಇನ್ನೊಂದು ಕಾಟ. ದೇವರ ಮುಂದೆ ಒಂದು ಕಡ್ಡಿ ಹಚ್ಚುವುದಕ್ಕೂ ಮುಚ್ಚಿದ ಕೋಣೆಗೆ ಲೋಬಾನ ತುಂಬುವುದಕ್ಕೂ ವ್ಯತ್ಯಾಸವಿದೆ.

ಒದ್ದೆ ಮನೆಯಲ್ಲಿ ಬದುಕಿದರೆ ಖಚಿತವಾಗಿ ಏನಾಗುತ್ತದೆ?

ಈ ಬಗ್ಗೆ ಅಮೆರಿಕದ ವೈದ್ಯಕೀಯ ಸಂಸ್ಥೆಯ ಸಮಿತಿ 2004ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿದವು. ಎರಡೂ ಕಡೆ ಒಪ್ಪಿದ ಸಂಗತಿ ಇದು: ಪಸೆ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಮೂಗು-ಗಂಟಲಿನ ತೊಂದರೆ, ಕೆಮ್ಮು, ಎದೆಯಲ್ಲಿ ಸುಂಯ್‌ಗುಡುವಿಕೆ, ದಮ್ಮಿನ ಉಲ್ಬಣ ಇವೆಲ್ಲ ಹೆಚ್ಚು. 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಒದ್ದೆ ಮನೆಗಳಲ್ಲಿ ಉಸಿರಾಟದ ತೊಂದರೆಗಳು ಸುಮಾರು 30ರಿಂದ 50 ಪ್ರತಿಶತ ಹೆಚ್ಚು ಎಂದು ಕಂಡುಬಂತು.

ಇದರಲ್ಲಿ ಮೈಕೋಟಾಕ್ಸಿನ್ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಒದ್ದೆ ಗೋಡೆಯಿಂದ ಬರುವುದು ಒಂದೇ ಪದಾರ್ಥ ಅಲ್ಲ. ಬೀಜಕದ ಪ್ರೋಟೀನು ಅಲರ್ಜಿ ತರುತ್ತದೆ, ಬೂಷ್ಟಿನ ಕೋಶಗೋಡೆಯ ಗ್ಲೂಕನ್ ಉರಿಯೂತ ಎಬ್ಬಿಸುತ್ತದೆ, ಜೊತೆಗೆ ಬ್ಯಾಕ್ಟೀರಿಯಾ, ಗಾದಿಯ ನುಸಿ. ಎಲ್ಲ ಸೇರಿ ಎದೆಯನ್ನು ಹಿಡಿಯುತ್ತವೆ. ಬಹುತೇಕ ಮನೆಗಳಲ್ಲಿ ನಿಜವಾದ ಕಾಯಿಲೆ ತರುವುದು ಅಲರ್ಜಿ ಮತ್ತು ಉರಿಯೂತ.

ಮರೆವು, ಮಂಕು, ಸಂದುನೋವು, ಸದಾ ಸುಸ್ತು, ಇವೆಲ್ಲ ಮನೆಯ ಬೂಷ್ಟಿನ ವಿಷದಿಂದಲೇ ಎಂದು ಹೇಳುವ ವಿಡಿಯೋಗಳು ಬಹಳ ಓಡಾಡುತ್ತವೆ. ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಸುಸ್ತು ಇದ್ದರೆ ಮೊದಲು ರಕ್ತ, ಥೈರಾಯ್ಡ್, ಸಕ್ಕರೆ ನೋಡಿಸಿ.

ಕರಿ ಬೂಷ್ಟು ಎಲ್ಲಕ್ಕಿಂತ ಕೆಟ್ಟದ್ದು ಅಂತಾರಲ್ಲ?

ಬಣ್ಣ ನೋಡಿ ಜಾತಿ ಹೇಳಲು ಬರುವುದಿಲ್ಲ. ನಮ್ಮ ಬಚ್ಚಲುಮನೆಯ ಕಪ್ಪು ಕಲೆ ಸಾಮಾನ್ಯವಾಗಿ ಕ್ಲಾಡೊಸ್ಪೋರಿಯಂ ಅಥವಾ ಆಸ್ಪರ್ಜಿಲಸ್ ನೈಜರ್‌ನಂಥ ಜಾತಿ. ಸುದ್ದಿಯಾದ ಕರಿ ಬೂಷ್ಟಿನ ಹೆಸರು ಸ್ಟ್ಯಾಕಿಬೋಟ್ರಿಸ್. ಅದು ನೀರಲ್ಲಿ ತೊಯ್ದು ತೊಪ್ಪೆಯಾದ ಕಾಗದ, ಜಿಪ್ಸಂ ಹಲಗೆಯ ಮೇಲೆ ಹುಲುಸಾಗಿ ಬೆಳೆಯುತ್ತದೆ. 1990ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಕೂಸುಗಳ ಶ್ವಾಸಕೋಶದಲ್ಲಿ ರಕ್ತ ಸೋರಿದಾಗ ಇದರ ಮೇಲೆ ಅನುಮಾನ ಬಂತು. ಆದರೆ 2000ದಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ ಮರುಪರಿಶೀಲಿಸಿ, ಈ ನಂಟು ಸಾಬೀತಾಗಿಲ್ಲ ಎಂದಿತು.

ಹಸಿರು, ಬಿಳಿ, ಕಪ್ಪು, ಯಾವುದಿದ್ದರೂ ತೆಗೆಯಬೇಕು. ಬಣ್ಣದ ವಿಚಾರಣೆಗೆ ಹೊತ್ತು ಕಳೆಯಬೇಡಿ.

ಕೊರೊನಾ ಕಾಲದ ಬ್ಲ್ಯಾಕ್ ಫಂಗಸ್ ಇದೇನಾ?

ಅಲ್ಲವೇ ಅಲ್ಲ. 2021ರಲ್ಲಿ ಮೂಗು, ಕಣ್ಣಿಗೆ ಹಬ್ಬಿ ಜೀವ ತೆಗೆದದ್ದು ಮ್ಯೂಕರ್ ಗುಂಪಿನ ಶಿಲೀಂಧ್ರ. ಹದ್ದುಮೀರಿದ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಕೋವಿಡ್‌ಗೆ ಹೆಚ್ಚು ಸ್ಟೀರಾಯ್ಡ್ ಪಡೆದವರಲ್ಲಿ ಅದು ದೇಹದೊಳಗೇ ಬೆಳೆಯಿತು. ಸತ್ತ ಅಂಗಾಂಶ ಕಪ್ಪಾಗುವುದರಿಂದ ಆ ಹೆಸರು ಬಿತ್ತು. ಗೋಡೆಯ ಕಪ್ಪಿಗೂ ಅದಕ್ಕೂ ಸಂಬಂಧ ಕಲ್ಪಿಸಬೇಡಿ.

ನಮ್ ಕೂಸಿಗೆ ಮಳಿಗಾಲ ಬಂತಂದ್ರ ಕೆಮ್ಮು ಬಿಡೂದಿಲ್ರಿ. ಮನಿ ಬೂಷ್ಟಿನಿಂದನ ಇರಬಹುದಾ?

ಇರಬಹುದು. ನನ್ನ ಮಗಳದ್ದೇ ಹೇಳುತ್ತೇನೆ. ಧಾರವಾಡದಲ್ಲಿ ಹೆಂಚಿನ ಮನೆಯ ಪಕ್ಕಕ್ಕೆ ಹೊಂದಿಸಿ ಕಟ್ಟಿದ ಸ್ಲ್ಯಾಬ್ ಮನೆಯಲ್ಲಿ ಬಾಡಿಗೆಗಿದ್ದೆವು. ಅವಳಿಗೆ ಆಗ ಐದು ವರ್ಷ. ರಾತ್ರಿ ಎರಡರ ಸುಮಾರಿಗೆ ಎದ್ದು ಕೂತು ಕೆಮ್ಮುತ್ತಿದ್ದಳು, ಎದೆಗೆ ಕಿವಿ ಇಟ್ಟರೆ ಬೆಕ್ಕಿನ ಮರಿ ಗುರುಗುಟ್ಟಿದಂತೆ ಸಪ್ಪಳ. ಸಿರಪ್ ಮೇಲೆ ಸಿರಪ್. ದೀಪಾವಳಿಗೆ ತವರಿಗೆ, ಮುಂಡರಗಿ ಕಡೆ, ಹೋದರೆ ನಾಲ್ಕನೇ ದಿನಕ್ಕೆ ಕೆಮ್ಮು ಮಾಯ. ತಿರುಗಿ ಬಂದ ವಾರದೊಳಗೆ ಮತ್ತೆ ಹಾಜರ್.

ನಮ್ಮ ಅತ್ತೆಯವರೇ ಒಂದು ದಿನ, "ಈ ತಿಜೋರಿ ಒಂದೀಟು ಸರಸ್ರಿ, ಹಿಂದ ಏನರ ಸತ್ತೈತೇನು ನೋಡೂಣು" ಎಂದರು. ಇಬ್ಬರು ಹಿಡಿದು ಸರಿಸಿದೆವು. ಹಿಂದಿನ ಗೋಡೆ ನೆಲದಿಂದ ಎದೆಯೆತ್ತರದವರೆಗೆ ಕಡುಹಸಿರು, ಮುಟ್ಟಿದರೆ ಮಖಮಲ್ ಹಾಗೆ. ಸುಣ್ಣದ ಪದರು ಹೊಪ್ಪಳಿಸಿ ಎದ್ದಿತ್ತು. ಅವಳ ತಲೆದಿಂಬಿಗೂ ಆ ಗೋಡೆಗೂ ನಡುವೆ ಎರಡು ಅಡಿ ಇರಲಿಲ್ಲ. ಗೋಡೆಯ ಆ ಬದಿಗೆ ನೆರೆಮನೆಯ ಬಚ್ಚಲ ನೀರು ಹೋಗುವ ಕೊಳವೆ ಒಡೆದಿತ್ತು.

ಮನೆಯ ಮಾಲೀಕರು ಕೊಳವೆ ಮುಟ್ಟದೆ ಮೇಲೊಂದು ಕೋಟ್ ಬಣ್ಣ ಹೊಡೆಸಿದರು. ಆರು ವಾರ ಚೆಂದ ಕಂಡಿತು. ಆಮೇಲೆ ಬಣ್ಣವೇ ಹಾಳೆ ಹಾಳೆಯಾಗಿ ಎದ್ದು ಬಂತು. ನಾವು ಮನೆ ಬಿಟ್ಟೆವು. ಮಗಳ ದಮ್ಮು ಪೂರ್ತಿ ಹೋಗಿಲ್ಲ, ಇನ್‌ಹೇಲರ್ ಇದೆ, ಆದರೆ ಆ ರಾತ್ರಿಗಳು ತಿರುಗಿ ಬಂದಿಲ್ಲ.

ನೀವು ಗಮನಿಸಬೇಕಾದ್ದು ಇದನ್ನೇ. ಊರು ಬಿಟ್ಟು ಹೋದಾಗ ಕಡಿಮೆಯಾಗಿ, ತಿರುಗಿ ಬಂದಾಗ ಹೆಚ್ಚುತ್ತದೆಯೇ? ಒಂದೇ ಕೋಣೆಯಲ್ಲಿ ಮಲಗಿದಾಗ ಹೆಚ್ಚೇ? ಒಂದು ಹಾಳೆಯಲ್ಲಿ ದಿನಾಂಕ ಸಮೇತ ಬರೆದಿಟ್ಟು ವೈದ್ಯರಿಗೆ ತೋರಿಸಿ. ಮನೆಯ ವಿಷಯ ನೀವಾಗಿ ಹೇಳದಿದ್ದರೆ ಗದ್ದಲದ ಓಪಿಡಿಯಲ್ಲಿ ಅವರಿಗೆ ಕೇಳಲು ಪುರಸೊತ್ತು ಸಿಗುವುದಿಲ್ಲ.

ಇದನ್ನು ಹಗುರ ಮಾಡಬೇಡಿ ಎನ್ನಲು ಇನ್ನೊಂದು ಕಾರಣ ಇದೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಬೂಷ್ಟು ತುಂಬಿದ ಮನೆಯಲ್ಲಿದ್ದ ಎರಡು ವರ್ಷದ ಮಗುವೊಂದು 2020ರಲ್ಲಿ ತೀರಿಕೊಂಡಿತು. ಬಹುಕಾಲ ಬೂಷ್ಟಿನ ನಡುವೆ ಬದುಕಿದ್ದರಿಂದ ಬಂದ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣ ಎಂದು ವಿಚಾರಣಾಧಿಕಾರಿ 2022ರಲ್ಲಿ ತೀರ್ಮಾನಿಸಿದರು. ಬಾಡಿಗೆ ಮನೆ ಕೊಟ್ಟ ಸಂಸ್ಥೆಗಳು ಇಂಥ ದೂರನ್ನು ಗೊತ್ತಾದ ಗಡುವಿನೊಳಗೆ ಸರಿಪಡಿಸಲೇಬೇಕು ಎಂಬ ಕಾನೂನು ಅಲ್ಲಿ ಬಂದದ್ದು ಆ ಮಗುವಿನಿಂದ.

ಹಿಂದೆ ಟಿಬಿ ಆಗಿತ್ತು. ನಾನು ಹೆಚ್ಚು ಎಚ್ಚರ ಇರಬೇಕೇ?

ಹೌದು. ಟಿಬಿ ವಾಸಿಯಾದರೂ ಕೆಲವರ ಶ್ವಾಸಕೋಶದಲ್ಲಿ ಪೊಳ್ಳು ಉಳಿಯುತ್ತದೆ. ಆಸ್ಪರ್ಜಿಲಸ್ ಬೀಜಕ ಅಲ್ಲಿ ಮನೆ ಮಾಡಿ ಉಂಡೆಯಾಗಿ ಬೆಳೆಯಬಹುದು. ವರ್ಷಗಳ ಮೇಲೆ ಕಫದಲ್ಲಿ ರಕ್ತ ಬಂದರೆ ಟಿಬಿಯೇ ಮರುಕಳಿಸಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಕಫದ ಪರೀಕ್ಷೆಯಲ್ಲಿ ಟಿಬಿ ಇಲ್ಲ ಎಂದು ಬಂದರೆ ಶಿಲೀಂಧ್ರದ ಕಡೆಗೂ ನೋಡಿ ಎಂದು ಕೇಳಿ.

ದಮ್ಮು ಇದ್ದವರಲ್ಲಿ ಇನ್ನೊಂದು ರೀತಿ. ಆಸ್ಪರ್ಜಿಲಸ್‌ಗೆ ದೇಹ ಅತಿಯಾಗಿ ಸಿಡಿದೆದ್ದು ಉಸಿರುನಾಳ ಹಿಗ್ಗುತ್ತಾ ಹೋಗುತ್ತದೆ. ಇದಕ್ಕೆ ಎಬಿಪಿಎ ಎನ್ನುತ್ತಾರೆ. ಇನ್‌ಹೇಲರ್ ತಪ್ಪದೆ ತೆಗೆದುಕೊಂಡರೂ ಹತೋಟಿಗೆ ಬರದ ದಮ್ಮು, ಕಂದು ಬಣ್ಣದ ಗಟ್ಟಿ ಕಫದ ಬಿರಡೆ ಇದರ ಸುಳಿವು. ಎಕ್ಸ್‌ರೇಯಲ್ಲಿ ಟಿಬಿಯಂತೆ ಕಾಣುವುದರಿಂದ ನಮ್ಮ ದೇಶದಲ್ಲಿ ಎಷ್ಟೋ ಜನ ಬೇಡದ ಟಿಬಿ ಗುಳಿಗೆ ನುಂಗಿದ್ದಾರೆ. ರಕ್ತದಲ್ಲಿ ಐಜಿಇ, ಅಂದರೆ ಅಲರ್ಜಿಯ ಮಟ್ಟ ತೋರಿಸುವ ಪರೀಕ್ಷೆ ಮಾಡಿಸಿದರೆ ದಾರಿ ಸಿಗುತ್ತದೆ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಕಸಿ ಆದವರು ಬೂಷ್ಟು ತೊಳೆಯುವ ಕೆಲಸಕ್ಕೆ ಕೈ ಹಾಕಲೇಬಾರದು. ತೊಳೆಯುವಾಗ ಆ ಮನೆಯಲ್ಲೂ ಇರಬಾರದು.

ಗ್ವಾಂಜಾಳ (ಮೆಕ್ಕೆಜೋಳ) ರಾಶಿ ಮಾಡಿದ ರಾತ್ರಿ ಮೈ ಕೈ ನೋವು, ಚಳಿ ಜ್ವರ. ಮರುದಿನ ಆರಾಮ. ಯಾಕೆ?

ಹಾವೇರಿ, ರಾಣೆಬೆನ್ನೂರು, ಹಾನಗಲ್ ಕಡೆಯ ರೈತರು, ಹಮಾಲರು ಇದನ್ನು ಚೆನ್ನಾಗಿ ಬಲ್ಲರು. "ಧೂಳ ಕುಡದೇನಿ, ಒಂದ್ ಬೆಲ್ಲದ ಚೂರು ತಿಂದು ಮಲಗಿದ್ರ ಹೋಕ್ಕೈತಿ" ಎಂದು ಬಿಟ್ಟುಬಿಡುತ್ತಾರೆ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಸಾವಯವ ಧೂಳಿನ ವಿಷಜ್ವರ ಎನ್ನಬಹುದು. ಮುಗ್ಗಲು ಕಾಳಿನ ಧೂಳನ್ನು ಒಂದೇ ಸಲ ವಿಪರೀತ ಉಸಿರಾಡಿದಾಗ, ಅದರೊಳಗಿನ ಬೀಜಕ, ಬ್ಯಾಕ್ಟೀರಿಯಾದ ವಿಷ, ಮೈಕೋಟಾಕ್ಸಿನ್ ಎಲ್ಲ ಸೇರಿ ಶ್ವಾಸಕೋಶ ಕೆರಳುತ್ತದೆ. ನಾಲ್ಕರಿಂದ ಎಂಟು ತಾಸಿನ ಮೇಲೆ ಜ್ವರ, ನಡುಕ, ಒಣಕೆಮ್ಮು, ಎದೆ ಬಿಗಿತ. ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಒಂದೇ ಕಣದಲ್ಲಿ ದುಡಿದ ನಾಲ್ಕಾರು ಜನಕ್ಕೆ ಒಟ್ಟಿಗೆ ಬರುವುದೂ ಉಂಟು.

ಇದರ ಜೊತೆಗೆ ಗೊಂದಲವಾಗುವ ಇನ್ನೊಂದು ಕಾಯಿಲೆ ಇದೆ, ಅದು ಹೀಗೆ ಬಿಡುವಂಥದ್ದಲ್ಲ. ಮುಗ್ಗಲು ಹುಲ್ಲು, ಕಾಳಿನ ಧೂಳಿಗೆ ಕೆಲವರ ದೇಹ ಒಗ್ಗದೆ ಶ್ವಾಸಕೋಶದ ಗಾಳಿಚೀಲಗಳಲ್ಲೇ ಉರಿಯೂತ ಕಟ್ಟುತ್ತದೆ. ರೈತರ ಶ್ವಾಸಕೋಶ ಎಂದೇ ಜಗತ್ತಿನಲ್ಲಿ ಇದಕ್ಕೆ ಹೆಸರು. ಮೊದಮೊದಲು ಅದೇ ರಾತ್ರಿಯ ಜ್ವರ. ಆದರೆ ಸಣ್ಣ ಪ್ರಮಾಣದ ಧೂಳಿಗೂ ಬರತೊಡಗುತ್ತದೆ, ತೂಕ ಇಳಿಯುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ವರ್ಷಗಟ್ಟಲೆ ನಡೆದರೆ ಶ್ವಾಸಕೋಶ ನಾರುಗಟ್ಟುತ್ತದೆ. ಹಾಗೆ ನಾರಾದದ್ದು ಮತ್ತೆ ಮೆತ್ತಗಾಗುವುದಿಲ್ಲ. ಪ್ರತಿ ಸುಗ್ಗಿಯಲ್ಲೂ ಜ್ವರ ಬರುತ್ತಿದ್ದರೆ ಎದೆ ತಜ್ಞರ ಹತ್ತಿರ ಹೋಗಲೇಬೇಕು.

ಕಾಳು ಜರಡಿ ಹಿಡಿಯುವವರ ಕೆಮ್ಮು-ದಮ್ಮಿನ ಬಗ್ಗೆ ಇಟಲಿಯ ವೈದ್ಯ ರಾಮಝಿನಿ 1700ರಲ್ಲೇ ಬರೆದಿದ್ದ. ಮುನ್ನೂರು ವರ್ಷ ಆಯಿತು. ನಮ್ಮ ಹಮಾಲರು ಈಗಲೂ ಟವೆಲ್ ಸುತ್ತಿಕೊಂಡು ಚೀಲ ಸುರಿಯುತ್ತಿದ್ದಾರೆ. ಟವೆಲ್ ದೊಡ್ಡ ಕಣ ತಡೆಯುತ್ತದೆ, ಬೀಜಕ ತಡೆಯುವುದಿಲ್ಲ. ಮೂಗಿಗೆ ಬಿಗಿಯಾಗಿ ಕೂರುವ ಎನ್‌95 ಮಾಸ್ಕ್ ಬೇಕು. ಕೊರೊನಾ ಕಾಲದಲ್ಲಿ ಕೊಂಡದ್ದು ಎಷ್ಟೋ ಮನೆಯಲ್ಲಿ ಬಿದ್ದಿರುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಮುಗ್ಗಲು ವಾಸನೆ ಬರುವ ಚೀಲವನ್ನು ಒಳಗೆ ಸುರಿಯಬೇಡಿ, ಬಯಲಿಗೆ ತನ್ನಿ. ಕೆಲಸ ಮುಗಿದ ಮೇಲೆ ಅದೇ ಅಂಗಿಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ.

ಬ್ಯಾಡಗಿ ಮೆಣಸಿನಕಾಯಿ ಘಾಟಿಗೂ ಬೂಷ್ಟಿಗೂ ವ್ಯತ್ಯಾಸ ಹೇಗೆ ತಿಳಿಯುವುದು?

ಘಾಟು ಆ ಕ್ಷಣವೇ ಸೀನು, ಕಣ್ಣೀರು ತರುತ್ತದೆ, ಹೊರಗೆ ಬಂದರೆ ತಗ್ಗುತ್ತದೆ. ಬೂಷ್ಟಿನ ಧೂಳಿನ ಜ್ವರ ತಾಸುಗಳ ನಂತರ. ಹಸಿ ಇದ್ದಾಗಲೇ ಚೀಲ ತುಂಬಿದ ಮೆಣಸಿನಕಾಯಿಯನ್ನು ಮುರಿದು ನೋಡಿ. ಒಳಗೆ ಬೀಜದ ಸುತ್ತ ಬೂದಿ ಬಣ್ಣದ ಹತ್ತಿಯಂಥದ್ದು ಕಂಡರೆ ಅದು ಬೂಷ್ಟು, ಅಡುಗೆಗೂ ಬೇಡ, ಕುಟ್ಟಿ ಧೂಳೆಬ್ಬಿಸುವುದೂ ಬೇಡ.

ಉಳ್ಳಾಗಡ್ಡಿ ಸಿಪ್ಪೆ ಮೇಲಿನ ಕರಿ ಪುಡಿ?

ಅದೂ ಆಸ್ಪರ್ಜಿಲಸ್ ನೈಜರ್. ಹೊರಗಿನ ಪದರು ಮಾತ್ರ ಇದ್ದರೆ ಸುಲಿದು, ತೊಳೆದು ಬಳಸಬಹುದು. ಗಡ್ಡೆ ಮೆತ್ತಗಾಗಿದ್ದರೆ ಎಸೆಯಿರಿ. ಗದಗ ಕಡೆ ಮೂಟೆಗಟ್ಟಲೆ ಆರಿಸುವ ಹೆಣ್ಣುಮಕ್ಕಳು ಮೂಗು ಕಟ್ಟಿಕೊಳ್ಳಬೇಕು.

ಹಗೇವಿನೊಳಗೆ ಇಳಿದವರು ಸಾಯುವುದು ಬೂಷ್ಟಿನ ವಿಷದಿಂದಲೇ?

ನೆಲದೊಳಗೆ ಜೋಳ ತುಂಬಿಡುವ ಹಗೇವು ಕಡಿಮೆಯಾಗಿದ್ದರೂ ಪೂರ್ತಿ ಹೋಗಿಲ್ಲ. ಅಲ್ಲಿ ಜೀವ ತೆಗೆಯುವುದು ಮೈಕೋಟಾಕ್ಸಿನ್ ಅಲ್ಲ. ಮುಚ್ಚಿದ ಹಗೇವಿನಲ್ಲಿ ಕಾಳೂ ಉಸಿರಾಡುತ್ತದೆ, ಬೂಷ್ಟೂ ಉಸಿರಾಡುತ್ತದೆ, ಹುಳುವೂ ಉಸಿರಾಡುತ್ತದೆ. ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಹುಳು ಸಾಯಲು, ಜೋಳ ಕೆಡದೆ ಉಳಿಯಲು ಅದೇ ಕಾರಣ. ಇಳಿದ ಮನುಷ್ಯ ಕೂಗಲೂ ಆಗದೆ ಕುಸಿಯುತ್ತಾನೆ.

ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುವ ಮಾತೇ ಇಲ್ಲ. ಆದರೆ ದೀಪ ಉರಿಯಿತು ಎಂದ ಮಾತ್ರಕ್ಕೆ ನಿಶ್ಚಿಂತೆಯೂ ಅಲ್ಲ, ದೀಪ ಉರಿಯುವಷ್ಟು ಗಾಳಿ ಇದ್ದರೂ ಇಂಗಾಲದ ಡೈಆಕ್ಸೈಡ್ ಮನುಷ್ಯನಿಗೆ ಅಪಾಯದ ಮಟ್ಟದಲ್ಲಿ ಇರಬಹುದು. ಒಬ್ಬರೇ ಇಳಿಯಬೇಡಿ. ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಗಟ್ಟಿ ಆಳು. ಒಳಗೆ ಬಿದ್ದವನನ್ನು ಎತ್ತಲು ಹಾಗೇ ಜಿಗಿಯಬೇಡಿ, ಎರಡನೆಯ ಜೀವವೂ ಹೋಗುತ್ತದೆ. 112ಕ್ಕೆ ಫೋನ್ ಮಾಡಿ. ಇಲ್ಲಿ ಎನ್‌95 ಮಾಸ್ಕ್ ಏನೂ ಮಾಡಲಾರದು.

ಬೇಸಿಗೆಯ ಏರ್‌ಕೂಲರ್‌ಗೂ ಇದಕ್ಕೂ ಏನು ಸಂಬಂಧ?

ಬಹಳ ಇದೆ, ಬಹಳ ಕಡಿಮೆ ಜನರಿಗೆ ಗೊತ್ತಿದೆ. ಭಾರತದ 27 ಕೇಂದ್ರಗಳಲ್ಲಿ, ಶ್ವಾಸಕೋಶದ ಅಂಗಾಂಶವೇ ಉರಿಯೂತದಿಂದ ನಾರುಗಟ್ಟುವ ಬಗೆಯ ಕಾಯಿಲೆ (ಐಎಲ್‌ಡಿ) ಇದ್ದ 1,084 ರೋಗಿಗಳನ್ನು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು 47 ಪ್ರತಿಶತ ಜನರಿಗೆ ಇದ್ದದ್ದು ಮೇಲೆ ರೈತರ ಶ್ವಾಸಕೋಶದಲ್ಲಿ ಹೇಳಿದಂಥ ಒಗ್ಗದಿಕೆಯ ಉರಿಯೂತ. ಅಂಥವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಏರ್‌ಕೂಲರ್ ಬಳಸುತ್ತಿದ್ದರು. ಸದಾ ಒದ್ದೆಯಾದ ಹುಲ್ಲಿನ ಪ್ಯಾಡ್, ನಿಂತ ನೀರು, ಹಿಂದಿನಿಂದ ಫ್ಯಾನ್. ಬೂಷ್ಟಿಗೆ ಇನ್ನೇನು ಬೇಕು? ಗದಗ, ಹುಬ್ಬಳ್ಳಿಯ ಮನೆಗಳಲ್ಲಿ ಹೋದ ವರ್ಷದ ಪ್ಯಾಡ್ ಹಾಗೇ ಇಟ್ಟು ಮಾರ್ಚ್‌ನಲ್ಲಿ ನೀರು ತುಂಬಿ ಚಾಲೂ ಮಾಡುತ್ತಾರೆ. ಪ್ಯಾಡ್ ಪ್ರತಿ ವರ್ಷ ಬದಲಿಸಿ. ನೀರು ದಿನಾ ಚೆಲ್ಲಿ. ವಾರಕ್ಕೊಮ್ಮೆ ತೊಟ್ಟಿ ತಿಕ್ಕಿ, ಒಣಗಿಸಿ. ಬಿಸಿಲುಗಾಲ ಮುಗಿದ ಮೇಲೆ ಒದ್ದೆ ಪ್ಯಾಡ್ ಸಮೇತ ಅಟ್ಟಕ್ಕೆ ಏರಿಸಬೇಡಿ.

ಉಸಿರಾಡುವುದಕ್ಕಿಂತ ತಿನ್ನುವುದು ಹೆಚ್ಚು ಅಪಾಯವೇ?

ಮೈಕೋಟಾಕ್ಸಿನ್ ಮಟ್ಟಿಗೆ ಹೌದು. ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾದ ಮಾತು. 1974ರಲ್ಲಿ ರಾಜಸ್ಥಾನ-ಗುಜರಾತ್ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ಸತ್ತರು. 1995ರಲ್ಲಿ ದಖನ್ನಿನ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆಂದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಹತ್ತಿತು. ಅಲ್ಲಿ ಸಿಕ್ಕಿದ್ದು ಫ್ಯುಮೋನಿಸಿನ್ ಎಂಬ ವಿಷ.

ನಮ್ಮಲ್ಲಿ ಶೇಂಗಾ ಇಲ್ಲದ ಊಟವೇ ಇಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ) ಕುಟ್ಟುವ ಮುಂಚೆ ಮುರುಟಿದ, ಬಣ್ಣಗೆಟ್ಟ, ಹಸಿರು ಪುಡಿ ಹತ್ತಿದ, ಕಹಿ ಬರುವ ಕಾಳು ಆರಿಸಿ ಎಸೆಯಿರಿ. ಹುರಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಎಮ್ಮೆಗೂ ಹಾಕಬೇಡಿ, ಹಾಲಿಗೆ ಬರುತ್ತದೆ.

ಮೂತ್ರದಲ್ಲಿ ಬೂಷ್ಟಿನ ವಿಷ ಪತ್ತೆ ಮಾಡುತ್ತೇವೆ ಎನ್ನುತ್ತಾರೆ. ಮಾಡಿಸಲೇ?

ದುಡ್ಡು ಉಳಿಸಿ. ಮೂತ್ರದಲ್ಲಿ ಕಾಣುವ ಮೈಕೋಟಾಕ್ಸಿನ್ ಬಹುಪಾಲು ಊಟದಿಂದ ಬಂದದ್ದು, ಆರೋಗ್ಯವಂತರಲ್ಲೂ ಇರುತ್ತದೆ. ಅದನ್ನು ನೋಡಿ ಮನೆಯ ಬೂಷ್ಟಿನಿಂದ ಕಾಯಿಲೆ ಬಂತು ಎಂದು ಹೇಳಲು ಬರುವುದಿಲ್ಲ. ಮನೆಯ ಗಾಳಿಯಲ್ಲಿ ಇಷ್ಟು ಬೀಜಕ ಇದ್ದರೆ ಸುರಕ್ಷಿತ ಎನ್ನುವ ಒಪ್ಪಿತ ಮಿತಿಯೂ ಇಲ್ಲ. ಅದೇ ದುಡ್ಡಲ್ಲಿ ಸ್ಪೈರೋಮೆಟ್ರಿ, ಅಂದರೆ ಉಸಿರಿನ ಬಲ ಅಳೆಯುವ ಪರೀಕ್ಷೆ ಮಾಡಿಸಿ, ಉಳಿದದ್ದನ್ನು ಸೋರುವ ಮಾಳಿಗೆಗೆ ಹಾಕಿ.

ನಮ್ಮ ಗೋಡೆಗಳು ಇಷ್ಟು ಪಸೆ ಹಿಡಿಯುವುದು ಯಾಕೆ?

ಗದಗ, ನರಗುಂದ, ನವಲಗುಂದದ ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲಿನ ಮನೆಯ ಗೋಡೆಯೂ ಸೀಳುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ. ತಳಪಾಯದಲ್ಲಿ ನೀರು ತಡೆಯುವ ಪದರು ಹಾಕದಿದ್ದರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಇಟ್ಟಿಗೆ ನೆಲದ ತೇವ ಎಳೆಯುತ್ತದೆ.

ಹಳೆಯ ಮಣ್ಣಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಹಸಿ ಸುಣ್ಣ ಕ್ಷಾರ, ಅದರ ಮೇಲೆ ಬೂಷ್ಟು ಸುಲಭಕ್ಕೆ ಏಳುವುದಿಲ್ಲ. ಸುಣ್ಣದ ಗೋಡೆ ಒಳಗಿನ ತೇವವನ್ನು ಹೊರಗೂ ಬಿಡುತ್ತದೆ. ಅದೇ ಗೋಡೆಗೆ ಸಿಮೆಂಟ್ ಗಿಲಾಯಿ ಮಾಡಿ, ಮೇಲೆ ಹೊಳೆಯುವ ಆಯಿಲ್ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಮಣ್ಣಿನ ಮನೆ ಇದ್ದವರು ದಯವಿಟ್ಟು ಸುಣ್ಣ ಬಿಡಬೇಡಿ.

ಸ್ಲ್ಯಾಬ್ ಮನೆಗಳಲ್ಲಿ ಕಾರಣ ಬೇರೆ: ಮಾಳಿಗೆ ಮೇಲೆ ನಿಂತ ನೀರು, ಮುಚ್ಚಿದ ಕಿಟಕಿ, ಮತ್ತು ಮಳೆಗಾಲದಲ್ಲಿ ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸುವ ಬಟ್ಟೆ. ಒಂದು ಬುಟ್ಟಿ ಒಗೆದ ಬಟ್ಟೆಯಿಂದ ಲೀಟರುಗಟ್ಟಲೆ ನೀರು ಅದೇ ಗಾಳಿಗೆ ಸೇರುತ್ತದೆ. ಪಡಸಾಲೆಯಲ್ಲೋ ಕಿಟಕಿ ತೆರೆದ ಕೋಣೆಯಲ್ಲೋ ಫ್ಯಾನ್ ಹಾಕಿ ಒಣಗಿಸಿ, ಆ ಕೋಣೆಯ ಬಾಗಿಲು ಎಳೆದುಕೊಳ್ಳಿ.

ತೊಳೆಯುವುದು ಹೇಗೆ?

ಮೊದಲು ನೀರಿನ ಮೂಲ ನಿಲ್ಲಿಸಿ. ಅದು ಆಗದೆ ಉಳಿದದ್ದೆಲ್ಲ ವ್ಯರ್ಥ. ಸುಮಾರು ಮೂರು ಅಡಿ ಉದ್ದ, ಮೂರು ಅಡಿ ಅಗಲದೊಳಗಿನ ಬೂಷ್ಟನ್ನು ಮನೆಯವರೇ ತೆಗೆಯಬಹುದು. ಎನ್‌95 ಮಾಸ್ಕ್, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ. ಕಿಟಕಿ ತೆರೆಯಿರಿ, ಫ್ಯಾನ್ ಬೇಡ. ಒಣ ಕಸಬರಿಗೆಯಿಂದ ಖಂಡಿತ ಉಜ್ಜಬೇಡಿ, ಲಕ್ಷಾಂತರ ಬೀಜಕ ಹಾರುತ್ತವೆ. ಸೋಪಿನ ನೀರು ಸಿಂಪಡಿಸಿ ಒದ್ದೆ ಮಾಡಿ, ಆಮೇಲೆ ತಿಕ್ಕಿ, ಒರೆಸಿ, ಪೂರ್ತಿ ಒಣಗಿಸಿ. ಗಿಲಾಯಿ ಪೊಳ್ಳಾಗಿದ್ದರೆ ಕೆತ್ತಿ ತೆಗೆಸಿ. ಬೂಷ್ಟು ಒಳಗಿಳಿದ ಗಾದಿ, ಹತ್ತಿ ದಿಂಬು ತೊಳೆದು ಉಳಿಸಲು ಬರುವುದಿಲ್ಲ.

ಒಂದು ಮಾತು ದೊಡ್ಡಕ್ಷರದಲ್ಲಿ ಬರೆದಂತೆ ಓದಿ: ಬ್ಲೀಚಿಂಗ್ ಪೌಡರ್ ಮತ್ತು ಸಂಡಾಸು ತೊಳೆಯುವ ಆ್ಯಸಿಡ್ ಎಂದೂ ಕೂಡಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಬೂಷ್ಟು ವರ್ಷಗಟ್ಟಲೆ ಮಾಡದ ಹಾನಿಯನ್ನು ಅದು ಮುಚ್ಚಿದ ಬಚ್ಚಲುಮನೆಯಲ್ಲಿ ಕೆಲವೇ ನಿಮಿಷದಲ್ಲಿ ಮಾಡುತ್ತದೆ.

ನೆರೆ ಇಳಿದ ಮೇಲೆ ಮನೆಗೆ ಯಾವಾಗ ಮರಳಬಹುದು?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರ, ಲಖಮಾಪುರ ಮುಳುಗಿದಾಗ, ವರದಾ ದಂಡೆಯ ಹಾವೇರಿ ಹಳ್ಳಿಗಳು ನೀರು ಕಂಡಾಗ, ನೀರಿಳಿದ ಮೂರನೇ ದಿನಕ್ಕೇ ಜನ ಒಳಗೆ ಮಲಗಿದ್ದರು, ಬೇರೆ ದಾರಿ ಇರಲಿಲ್ಲ. ಆದರೆ ತೊಯ್ದ ಮಣ್ಣಿನ ಗೋಡೆಯಿಂದ ಬೂಷ್ಟಿಗಿಂತ ಮೊದಲ ಅಪಾಯ ಕುಸಿತದ್ದು. ಮೊದಲು ಗೋಡೆ ಗಟ್ಟಿ ಇದೆಯೇ ನೋಡಿಸಿ. ಮಕ್ಕಳು, ದಮ್ಮಿನವರು, ಬಸುರಿ-ಬಾಣಂತಿಯರು ಗೋಡೆ ಒಣಗುವವರೆಗೆ ಶಾಲೆಯಲ್ಲೋ ಬಂಧುಗಳಲ್ಲೋ ಇರಲಿ. ನೆಂದ ಕಾಳನ್ನು ಒಣಗಿಸಿ ಉಣ್ಣಬಹುದೇ ಎಂದು ಕಣ್ಣೀರು ತುಂಬಿ ಕೇಳಿದವರಿದ್ದಾರೆ. ಬೂಷ್ಟು ಕಂಡಿದ್ದರೆ ಬೇಡ ಎನ್ನದೆ ವಿಧಿಯಿಲ್ಲ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಮಾತಾಡಲು ಆಗದಷ್ಟು ಏದುಸಿರು, ತುಟಿ ನೀಲಿ, ಮಗುವಿನ ಪಕ್ಕೆಲುಬು ಒಳಗೆ ಸೆಳೆಯುವುದು, ಕಫದಲ್ಲಿ ರಕ್ತ: ಇವು ಕಂಡರೆ ಆಗಲೇ ಹೊರಡಿ, 108 ಕರೆಯಿರಿ. ಎರಡು ವಾರ ದಾಟಿದ ಕೆಮ್ಮು ಇದ್ದರೆ ಮೊದಲು ಟಿಬಿ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಬಾಡಿಗೆ ಮನೆ ನೋಡಲು ಹೋದಾಗ ಏನು ನೋಡಲಿ?

ಸಾಧ್ಯವಾದರೆ ಮಳೆಗಾಲದಲ್ಲಿ ನೋಡಿ. ಹೊಸ ಬಣ್ಣದ ವಾಸನೆ ಒಂದೇ ಗೋಡೆಯಿಂದ ಬಂದರೆ ಯಾಕೆ ಎಂದು ಕೇಳಿ. ಅಂಗೈ ಅಗಲಿಸಿ ಗೋಡೆಯ ಬುಡಕ್ಕೆ ಒತ್ತಿ, ತಣ್ಣಗೆ ಅಂಟಿದರೆ ಪಸೆ ಇದೆ. ಬೆರಳ ಗೆಣ್ಣಿನಿಂದ ತಟ್ಟಿ, ಡೊಳ್ಳು ಸಪ್ಪಳ ಬಂದರೆ ಗಿಲಾಯಿ ಬಿಟ್ಟಿದೆ. ಬಚ್ಚಲುಮನೆ ಯಾವ ಗೋಡೆಗೆ ಅಂಟಿದೆ ನೋಡಿ, ಆ ಗೋಡೆಯ ಬದಿಗೆ ಮಗುವಿನ ಹಾಸಿಗೆ ಹಾಕಬೇಡಿ. ಗೋಡೆಯೊಳಗಿನ ಕಪಾಟಿನ ಬಾಗಿಲು ತೆರೆದು ತಲೆ ಒಳಗಿಟ್ಟು ಒಮ್ಮೆ ಉಸಿರು ಎಳೆದುಕೊಳ್ಳಿ. ಮಾಲೀಕರು ಏನಂದುಕೊಂಡಾರು ಎಂಬ ಸಂಕೋಚ ಬೇಡ. ನಾನು ಅವತ್ತು ಸಂಕೋಚಪಟ್ಟು ಆ ಕಪಾಟು ತೆರೆಯದೆ ಮುಂಗಡ ಕೊಟ್ಟು ಬಂದಿದ್ದೆ.